ಕಥೋಲಿಕ ಬೋಧನೆಯಲ್ಲಿ ಪ್ರೊಟೆಸ್ಟಂಟರ ಮತ್ತು ಅನ್ಯಧರ್ಮೀಯರ ಸ್ಥಾನವೇನು?

ಜಿಜ್ಞಾಸು:

ನಾನು ಪ್ರೊಟೆಸ್ಟಂಟ್ ಸಭೆಯಲ್ಲಿ ಹುಟ್ಟಿ ಬೆಳೆದವಳು. ಕಥೋಲಿಕರೊಬ್ಬರೊಂದಿಗೆ ನನ್ನ ಮದುವೆ ನಿಶ್ಚಯವಾಗಿದೆ. ಆ ವಿಷಯ ಮಾತಾಡಲು ಅವರ ಗುರುಗಳನ್ನು ಕಂಡಾಗ ಅವರು ನನ್ನ ದೀಕ್ಷಾಸ್ನಾನದ (ಒಬ್ಬರನ್ನು ಕ್ರೈಸ್ತರನ್ನಾಗಿಸುವ, ಕಥೋಲಿಕರು ಜ್ಞಾನಸ್ನಾನ ಎನ್ನುವ ವಿಧಿಯ) ಪ್ರಮಾಣಪತ್ರವನ್ನು ಓದಿ, ನೀರಿನಿಂದ, ಪಿತ ಸುತ ಪವಿತ್ರಾತ್ಮರ ಹೆಸರಿನಲ್ಲಿ ಆಗಿದೆಯೇ ಎಂದಷ್ಟೇ ಕೇಳಿದರು. ಹೌದೆಂದಾಗ, ಹಾಗಾದರೆ ಅದು ಸಿಂಧು, ಮತ್ತೊಮ್ಮೆ ಕೊಡುವ ಪ್ರಶ್ನೆಯೇ ಇಲ್ಲ ಎಂದರು. ಆದರೆ ಬಲಿಪೂಜೆಯಲ್ಲಿ ಪರಮಪ್ರಸಾದ (ಕ್ರಿಸ್ತನ ದೇಹವೆಂದು ಅವರು ನಂಬುವ ರೊಟ್ಟಿ) ಸ್ವೀಕರಿಸಬಹುದೇ ಎಂದು ಕೇಳಿದಾಗ ಆಗದು ಎಂದರು, ಬಹಳ ಸೌಜನ್ಯದಿಂದಲೇ. ನನ್ನನ್ನು ಕ್ರೈಸ್ತಳೆಂದು ಒಪ್ಪಿಕೊಂಡ ಮೇಲೆ ಈ ತಡೆ ಏಕೆ ಎಂಬುದು ನನಗೆ ಬಿಡಿಸಲಾಗದ ಗಂಟಾಗಿದೆ.

ಇತ್ತ ನಮ್ಮ ಮನೆಯ ಹಿರಿಯರು, ಕಥೋಲಿಕರ ಪ್ರಕಾರ ನಾವೆಲ್ಲ ನರಕಕ್ಕೆ ಹೋಗುವವರೇ ಎಂದು ಹೇಳುತ್ತಾರೆ. 'ಸಭೆಯ ಹೊರಗೆ ರಕ್ಷಣೆಯಿಲ್ಲ' ಎಂಬ ಹಳೆಯ ವಾಕ್ಯ ಇನ್ನೂ ಚಾಲ್ತಿಯಲ್ಲಿದೆಯೇ? ಇದ್ದರೆ ನಮ್ಮ ಬಗ್ಗೆ ಅದು ಏನು ಹೇಳುತ್ತದೆ, ಕ್ರೈಸ್ತರೇ ಅಲ್ಲದವರ ಬಗ್ಗೆ ಏನು ಹೇಳುತ್ತದೆ? ಜಗಳಕ್ಕಾಗಿ ಕೇಳುತ್ತಿಲ್ಲ. ತಿಳಿದವರು ದಯವಿಟ್ಟು ವಿವರಿಸಬೇಕು.

ಸಭಾಚರಿತ್ರೆಯ ಓದುಗ:

ಮಾನ್ಯರೇ, ನಿಮ್ಮ ಗುರುಗಳು ಕೊಟ್ಟ ಎರಡೂ ಉತ್ತರಗಳು ಒಂದೇ ಬೇರಿನಿಂದ ಬಂದವು. ಕಥೋಲಿಕ ಬೋಧನೆಯಲ್ಲಿ ಎರಡು ಪ್ರಶ್ನೆಗಳನ್ನು ಯಾವಾಗಲೂ ಬೇರೆಬೇರೆ ಇಡಲಾಗುತ್ತದೆ. ಒಂದು ಸಮುದಾಯದಲ್ಲಿ ಕ್ರಿಸ್ತನು ಕೊಟ್ಟ ಸಾಧನಗಳಲ್ಲಿ ಎಷ್ಟು ಉಳಿದಿವೆ ಎಂಬುದು ಮೊದಲನೆಯದು. ಆ ಸಮುದಾಯದ ಒಬ್ಬ ವ್ಯಕ್ತಿ ದೇವರ ಮುಂದೆ ಯಾವ ಸ್ಥಿತಿಯಲ್ಲಿದ್ದಾನೆ ಎಂಬುದು ಎರಡನೆಯದು. ಮೊದಲನೆಯದಕ್ಕೆ ಸಭೆ ಖಚಿತವಾದ, ಕೆಲವೊಮ್ಮೆ ಕಿವಿಗೆ ಕಠೋರವಾಗಿ ಕೇಳುವ ಉತ್ತರ ಕೊಡುತ್ತದೆ. ಎರಡನೆಯದಕ್ಕೆ ತೀರ್ಪು ಕೊಡುವುದೇ ಇಲ್ಲ. ಎಷ್ಟೋ ಮಂದಿಯನ್ನು ಸಂತರೆಂದು ಘೋಷಿಸಿರುವ ಈ ಸಭೆ, ಇಂತಹ ವ್ಯಕ್ತಿ ನರಕದಲ್ಲಿದ್ದಾನೆ ಎಂದು ಒಬ್ಬರ ಹೆಸರನ್ನೂ ಇದುವರೆಗೆ ಘೋಷಿಸಿಲ್ಲ. ನಿಮ್ಮ ಹಿರಿಯರು ಕೇಳಿದ ಮಾತು ಈ ಎರಡು ಪ್ರಶ್ನೆಗಳನ್ನು ಒಂದಾಗಿ ಬೆರೆಸಿದವರ ಬಾಯಿಂದ ಬಂದಿರಬೇಕು, ಮತ್ತು ಅಂಥವರು ಎರಡೂ ಕಡೆ ಇದ್ದಾರೆ.

ಆ ವಾಕ್ಯದ ಹುಟ್ಟೇ ಕುತೂಹಲಕಾರಿಯಾದದ್ದು. ಮೂರನೆಯ ಶತಮಾನದಲ್ಲಿ ಕಾರ್ಥೇಜಿನ ಧರ್ಮಾಧ್ಯಕ್ಷರಾಗಿದ್ದ ಸಿಪ್ರಿಯನ್ ಅದನ್ನು ಬರೆದದ್ದು ಅನ್ಯಧರ್ಮೀಯರನ್ನು ಕುರಿತಲ್ಲ, ಸಭೆಯಿಂದ ಒಡೆದುಹೋದ ಕ್ರೈಸ್ತರು ಕೊಡುವ ಜ್ಞಾನಸ್ನಾನ ಸಿಂಧುವೇ ಎಂಬ ವಿವಾದದಲ್ಲಿ. ಅಲ್ಲ ಎಂಬುದು ಅವರ ವಾದ. ಆದರೆ ಆಗ ಪೋಪ್ ಆಗಿದ್ದ ಒಂದನೆಯ ಸ್ಟೀಫನ್ ಅದನ್ನು ಒಪ್ಪಲಿಲ್ಲ. ಒಮ್ಮೆ ಸರಿಯಾಗಿ ಕೊಟ್ಟ ಜ್ಞಾನಸ್ನಾನವನ್ನು ಮತ್ತೆ ಕೊಡಬಾರದು ಎಂಬ ರೋಮಿನ ಪದ್ಧತಿಯೇ ಕೊನೆಗೆ ನಿಂತಿತು. ವಾಕ್ಯವನ್ನು ಸಭೆ ಇಟ್ಟುಕೊಂಡಿತು, ಆ ವಾಕ್ಯದಿಂದ ಸಿಪ್ರಿಯನ್ ತೆಗೆದ ತೀರ್ಮಾನವನ್ನು ಬಿಟ್ಟಿತು! ಮುಂದೆ ಸಭೆಯಿಂದ ಒಡೆದುಹೋದ ಡೊನಾಟಿಸ್ಟ್ ಪಂಗಡದವರೊಡನೆ ವಾದಿಸುವಾಗ ಸಂತ ಅಗಸ್ಟೀನರು ಇದಕ್ಕೆ ಕಾರಣವನ್ನೂ ಕೊಟ್ಟರು: ಪೇತ್ರನು ಸ್ನಾನ ಕೊಟ್ಟರೂ ಕೊಡುವವನು ಕ್ರಿಸ್ತನೇ, ಗುರುದ್ರೋಹಿ ಯೂದನು ಕೊಟ್ಟರೂ ಕೊಡುವವನು ಕ್ರಿಸ್ತನೇ. ಪ್ರೊಟೆಸ್ಟಂಟರ ವಿರುದ್ಧವೇ ಸೇರಿದ್ದೆಂದು ಹೇಳಲಾಗುವ ಟ್ರೆಂಟ್ ಮಹಾಸಭೆ (ಧರ್ಮಾಧ್ಯಕ್ಷರ ಸಮ್ಮೇಳನ) ಕೂಡ 1547ರಲ್ಲಿ, ತ್ರಿತ್ವದ ಹೆಸರಿನಲ್ಲಿ, ಸಭೆ ಮಾಡುವುದನ್ನೇ ಮಾಡುವ ಉದ್ದೇಶದಿಂದ ಪಾಷಂಡಿಗಳು (ಸಭೆಯ ಬೋಧನೆಯನ್ನು ನಿರಾಕರಿಸಿದ ಕ್ರೈಸ್ತರು) ಕೊಟ್ಟ ಜ್ಞಾನಸ್ನಾನವೂ ನಿಜವಾದ ಜ್ಞಾನಸ್ನಾನವೇ ಎಂದು ವಿಧಿಸಿತು. ನಿಮ್ಮ ಪ್ರಮಾಣಪತ್ರವನ್ನು ನೋಡಿ ಗುರುಗಳು ಸಿಂಧು ಎಂದದ್ದರ ಹಿಂದೆ ಈ ಹದಿನೆಂಟು ಶತಮಾನಗಳ ಚರಿತ್ರೆಯಿದೆ. ಅದು ಅವರ ವೈಯಕ್ತಿಕ ಔದಾರ್ಯವಲ್ಲ.

ಎರಡನೆಯ ವ್ಯಾಟಿಕನ್ ಮಹಾಸಭೆ 1964ರ ನವೆಂಬರ್ 21ರಂದು ಹೊರಡಿಸಿದ ಕ್ರೈಸ್ತ ಐಕ್ಯದ ವಿಧಿಪತ್ರ ಇದರ ಮೇಲೆಯೇ ಕಟ್ಟಿದ್ದು. ಕ್ರಿಸ್ತನನ್ನು ನಂಬಿ ಸರಿಯಾಗಿ ಜ್ಞಾನಸ್ನಾನ ಪಡೆದವರು ಕಥೋಲಿಕ ಸಭೆಯೊಡನೆ ಅಪೂರ್ಣವಾದರೂ ನಿಜವಾದ ಅನ್ಯೋನ್ಯತೆಯಲ್ಲಿದ್ದಾರೆ. ಒಡಕಿಗೆ ಅನೇಕ ವೇಳೆ ಎರಡೂ ಕಡೆಯವರು ಹೊಣೆಗಾರರು. ಇಂದು ಆ ಸಮುದಾಯಗಳಲ್ಲಿ ಹುಟ್ಟಿ ಬೆಳೆಯುವವರ ಮೇಲೆ ಬೇರ್ಪಟ್ಟ ಪಾಪವನ್ನು ಹೊರಿಸುವಂತಿಲ್ಲ. ಅವರನ್ನು ಕಥೋಲಿಕರು ಸಹೋದರರೆಂದು ಗೌರವದಿಂದ, ಪ್ರೀತಿಯಿಂದ ಕಾಣಬೇಕು ಎಂದು ಅದು ಹೇಳುತ್ತದೆ. ಇಷ್ಟಕ್ಕೇ ನಿಲ್ಲದೆ, ಅವರ ಆರಾಧನೆಗಳು ವರಪ್ರಸಾದದ, ಅಂದರೆ ದೈವಕೃಪೆಯ, ಜೀವನವನ್ನು ನಿಜವಾಗಿಯೂ ಹುಟ್ಟಿಸಬಲ್ಲವು ಎಂದೂ ಒಪ್ಪುತ್ತದೆ. ಆದರೆ ಅದೇ ಪತ್ರವು, ರಕ್ಷಣೆಯ ಸಾಧನಗಳ ಪೂರ್ಣತೆ ದೊರೆಯುವುದು ಕಥೋಲಿಕ ಸಭೆಯಲ್ಲಿ ಮಾತ್ರ ಎಂಬ ಮಾತನ್ನು ಬಿಟ್ಟುಕೊಟ್ಟಿಲ್ಲ. ಪರಮಪ್ರಸಾದದ ವಿಷಯದಲ್ಲಿ ನಿಮಗೆ ಎದುರಾದದ್ದು ಈ ಎರಡನೆಯ ಮಾತು.

ಹಳೆಯ ಪೂಜಾವಿಧಿ:

ಓದುಗರು ಬರೆದದ್ದು ಸೊಗಸಾಗಿದೆ, ಆದರೆ ನಡುವಿನ ಸಾವಿರ ವರ್ಷಗಳನ್ನು ಅನುಕೂಲಕ್ಕೆ ತಕ್ಕಂತೆ ಹಾರಿಸಿದ್ದಾರೆ. 1302ರಲ್ಲಿ ಪೋಪ್ ಎಂಟನೆಯ ಬೊನಿಫೇಸ್, ರಕ್ಷಣೆಗಾಗಿ ಪ್ರತಿಯೊಬ್ಬ ಮಾನವನೂ ರೋಮಿನ ಪೋಪರಿಗೆ ಅಧೀನನಾಗಿರುವುದು ಅವಶ್ಯ ಎಂದು ಘೋಷಿಸಿದರು. 1442ರಲ್ಲಿ ಫ್ಲಾರೆನ್ಸ್ ಮಹಾಸಭೆ ಅನ್ಯಧರ್ಮೀಯರು, ಯೆಹೂದ್ಯರು, ಪಾಷಂಡಿಗಳು, ಸಭೆಯಿಂದ ಒಡೆದವರು, ಯಾರೇ ಆಗಲಿ, ಸಾಯುವ ಮೊದಲು ಸಭೆಗೆ ಸೇರದಿದ್ದರೆ ನಿತ್ಯಜೀವಕ್ಕೆ ಪಾಲುದಾರರಾಗಲಾರರು ಎಂದು ಎಣಿಸಿ ಎಣಿಸಿ ಹೇಳಿತು. 1928ರಲ್ಲಿ ಹನ್ನೊಂದನೆಯ ಪಯಸ್, ಬೇರ್ಪಟ್ಟವರು ಹಿಂದಿರುಗುವುದೊಂದೇ ಐಕ್ಯದ ದಾರಿ ಎಂದು ಬರೆದು, ಅಂದಿನ ಐಕ್ಯ ಸಮ್ಮೇಳನಗಳಲ್ಲಿ ಕಥೋಲಿಕರು ಭಾಗವಹಿಸುವುದನ್ನು ತಡೆದರು. ಇವು ಗಾಳಿಮಾತುಗಳಲ್ಲ, ಸಭೆಯ ಅಧಿಕೃತ ದಾಖಲೆಗಳು. 1964ರಲ್ಲಿ ಧೋರಣೆ ಬದಲಾಯಿತು ಎಂದು ನೇರವಾಗಿ ಒಪ್ಪಿಕೊಳ್ಳುವುದರಲ್ಲಿ ಏನು ಅಡ್ಡಿ?

ಸಭಾಚರಿತ್ರೆಯ ಓದುಗ:

ಧೋರಣೆ ಬದಲಾಯಿತು ಎಂಬುದನ್ನು ಧಾರಾಳವಾಗಿ ಒಪ್ಪುತ್ತೇನೆ. 1928ರ ಪತ್ರವನ್ನೂ 1964ರ ಪತ್ರವನ್ನೂ ಅಕ್ಕಪಕ್ಕ ಇಟ್ಟು ಓದಿದ ಯಾರೂ ಸ್ವರ ಒಂದೇ ಎನ್ನಲಾರರು. ಆದರೆ ಬದಲಾವಣೆ 1964ರಲ್ಲಿ ಆಕಾಶದಿಂದ ಬಿದ್ದದ್ದಲ್ಲ.

ಫ್ಲಾರೆನ್ಸಿನವರ ಮನಸ್ಸಿನಲ್ಲಿದ್ದ ಪ್ರಪಂಚ ಯಾವುದು ಎಂದು ಕೇಳಿಕೊಳ್ಳಬೇಕು. ಶುಭಸಂದೇಶ ಲೋಕದ ಮೂಲೆಮೂಲೆಗೂ ಮುಟ್ಟಿದೆ, ಆದ್ದರಿಂದ ಹೊರಗಿರುವವನು ಬೇಕೆಂದೇ ಹೊರಗಿದ್ದಾನೆ ಎಂಬುದು ಅಂದಿನ ಸಾಮಾನ್ಯ ಗ್ರಹಿಕೆ. ಅದಕ್ಕೂ ಮುಂಚೆ ಸಂತ ಥಾಮಸ್ ಅಕ್ವಿನಾಸರು ಕಾಡಿನಲ್ಲಿ ತೋಳಗಳ ನಡುವೆ ಬೆಳೆದ ಮನುಷ್ಯನ ಪ್ರಸಂಗವನ್ನು ಎತ್ತಿಕೊಂಡು, ಅಂಥವನು ಸಹಜ ಬುದ್ಧಿ ತೋರಿದಂತೆ ಒಳಿತನ್ನು ಅನುಸರಿಸಿದರೆ ದೇವರು ಒಳಗಿನ ಪ್ರೇರಣೆಯಿಂದಲೋ ಬೋಧಕನೊಬ್ಬನನ್ನು ಕಳುಹಿಸಿಯೋ ಅವನಿಗೆ ಬೇಕಾದುದನ್ನು ತಿಳಿಸುತ್ತಾನೆ ಎಂದಿದ್ದರು. ಆದರೆ ಆಗ ಅದು ಅಪರೂಪದ ಉದಾಹರಣೆ ಮಾತ್ರ. ಕೊಲಂಬಸ್ ಅಮೆರಿಕ ತಲುಪಿದ 1492ರ ನಂತರ ಅದು ಉದಾಹರಣೆಯಾಗಿ ಉಳಿಯಲಿಲ್ಲ. ಕ್ರಿಸ್ತನ ಹೆಸರನ್ನೇ ಕೇಳದೆ ಹದಿನೈದು ಶತಮಾನ ಕಳೆದ ಇಡೀ ಭೂಖಂಡ ಕಣ್ಣೆದುರಿಗೆ ಬಂತು. ಸಾಲಮಾಂಕಾದ ಫ್ರಾನ್ಸಿಸ್ಕೊ ದ ವಿಟೋರಿಯಾ 1539ರ ಉಪನ್ಯಾಸಗಳಲ್ಲಿ, ಕೇಳದವರು ನಂಬದಿರುವುದು ಪಾಪವಲ್ಲ, ಮನವರಿಕೆಯಾಗುವಂತೆ ಹೇಳದೆ ಬರಿಯ ಘೋಷಣೆ ಮಾಡಿದ ಮಾತ್ರಕ್ಕೆ ನಂಬುವ ಬಾಧ್ಯತೆಯೂ ಅವರಿಗಿಲ್ಲ ಎಂದರು. ಅಲ್ಲಿ ತಲುಪಿದ್ದು ಪವಾಡಗಳ ಸುದ್ದಿಯಲ್ಲ, ಕ್ರೌರ್ಯದ ಸುದ್ದಿ ಎಂದು ತಮ್ಮವರನ್ನೇ ಕುಟುಕಿದರು. ಟ್ರೆಂಟ್ ಮಹಾಸಭೆ ಜ್ಞಾನಸ್ನಾನ ಅಥವಾ ಅದರ ಅಪೇಕ್ಷೆ ಎಂದು ಹೇಳಿ ಬಾಗಿಲನ್ನು ಸ್ವಲ್ಪ ತೆರೆದಿಟ್ಟಿತು. 1713ರಲ್ಲಿ ಹನ್ನೊಂದನೆಯ ಕ್ಲೆಮೆಂಟರು, ಸಭೆಯ ಹೊರಗೆ ಯಾವ ವರಪ್ರಸಾದವೂ ದೊರೆಯದು ಎಂಬ, ಜಾನ್ಸೆನಿಸ್ಟ್ ಎಂಬ ಕಠೋರ ಪಂಥದವರ ವಾಕ್ಯವನ್ನೇ ಖಂಡಿಸಿದರು. ಕಟ್ಟುನಿಟ್ಟಿಗೆ ಹೆಸರಾದ ಒಂಬತ್ತನೆಯ ಪಯಸ್ 1863ರಲ್ಲಿ, ತಮ್ಮ ತಪ್ಪಿಲ್ಲದೆ ನಿಜಧರ್ಮವನ್ನು ಅರಿಯದವರು ಮನಸ್ಸಾಕ್ಷಿಯಂತೆ ನಡೆದರೆ ದೇವರ ಬೆಳಕಿನಿಂದ ನಿತ್ಯಜೀವ ಪಡೆಯಬಲ್ಲರು ಎಂದು ಬರೆದರು, ಹಳೆಯ ವಾಕ್ಯವನ್ನು ಅದೇ ಪತ್ರದಲ್ಲಿ ಪುನರುಚ್ಚರಿಸುತ್ತಲೇ.

ಇನ್ನು ನೀವು ಹಿಡಿದ ಅರ್ಥವನ್ನೇ ಹಿಡಿದು ಹೊರಟವರೊಬ್ಬರು ಇದ್ದರು. ಬಾಸ್ಟನ್ನಿನ ಯೇಸುಸಭೆಯ ಗುರು ಲಿಯೊನಾರ್ಡ್ ಫೀನಿ, ಪ್ರತ್ಯಕ್ಷವಾಗಿ ಕಥೋಲಿಕರಾಗದ ಯಾರಿಗೂ ರಕ್ಷಣೆಯಿಲ್ಲ ಎಂದು ಸಾರುತ್ತಿದ್ದರು. ರೋಮ್ 1949ರ ಆಗಸ್ಟ್ 8ರಂದು ಅಲ್ಲಿನ ಮಹಾಧರ್ಮಾಧ್ಯಕ್ಷರಿಗೆ ಬರೆದ ಪತ್ರದಲ್ಲಿ ಆ ವ್ಯಾಖ್ಯಾನವನ್ನು ತಳ್ಳಿಹಾಕಿ, ದೇವರ ಚಿತ್ತಕ್ಕೆ ತನ್ನನ್ನು ಒಪ್ಪಿಸಿಕೊಳ್ಳುವ ಮನಸ್ಸಿನಲ್ಲಿ ಅಡಗಿರುವ ಅಪೇಕ್ಷೆಯೂ ಸಾಕಾಗಬಹುದು, ಆದರೆ ಅದು ವಿಶ್ವಾಸದಿಂದಲೂ ಪರಿಪೂರ್ಣ ಪ್ರೀತಿಯಿಂದಲೂ ಕೂಡಿರಬೇಕು ಎಂದಿತು. 1953ರಲ್ಲಿ ಫೀನಿಯವರಿಗೆ ಬಹಿಷ್ಕಾರವಾಯಿತು. ಕರೆದಾಗ ರೋಮಿಗೆ ಹೋಗದ ಅವಿಧೇಯತೆ ಅದಕ್ಕೆ ಕೊಟ್ಟ ಕಾರಣ. ಸಭೆಯ ಹೊರಗೆ ರಕ್ಷಣೆಯಿಲ್ಲ ಎಂದವರೇ ಸಭೆಯ ಹೊರಗಾದರು. 1972ರಲ್ಲಿ ಅವರು ಸಭೆಯೊಡನೆ ರಾಜಿಯಾದರು ಎಂಬುದನ್ನೂ ಹೇಳಬೇಕು. ಇದೆಲ್ಲ ನಡೆದದ್ದು ಹನ್ನೆರಡನೆಯ ಪಯಸ್ ಅವರ ಕಾಲದಲ್ಲಿ, ಅಂದರೆ ವ್ಯಾಟಿಕನ್ ಮಹಾಸಭೆಗೆ ಮೊದಲೇ.

ಹಳೆಯ ಪೂಜಾವಿಧಿ:

ಫೀನಿಯವರ ಪಕ್ಷ ನನ್ನದಲ್ಲ. ಆದರೆ ಅದೇ ವ್ಯಾಟಿಕನ್ ಮಹಾಸಭೆ 1964ರಲ್ಲಿ ಹೊರಡಿಸಿದ ಧರ್ಮಸಭೆಯ ಸಂವಿಧಾನವನ್ನು ಉಲ್ಲೇಖಿಸುವವರು ಅದರ 16ನೆಯ ಪರಿಚ್ಛೇದದ ಮೊದಲರ್ಧವನ್ನೇ ಓದುತ್ತಾರೆ ಎಂಬುದು ನನ್ನ ದೂರು. ತಮ್ಮ ತಪ್ಪಿಲ್ಲದೆ ಶುಭಸಂದೇಶವನ್ನು ಅರಿಯದವರು ರಕ್ಷಣೆ ಹೊಂದಬಲ್ಲರು ಎಂದ ಮೇಲೆ, ಆದರೆ ಮನುಷ್ಯರು ಅನೇಕ ವೇಳೆ ದುಷ್ಟನಿಂದ ಮೋಸಹೋಗಿ ಸೃಷ್ಟಿಕರ್ತನ ಬದಲು ಸೃಷ್ಟಿಯನ್ನು ಸೇವಿಸುತ್ತಾರೆ, ಆದ್ದರಿಂದ ಪ್ರಚಾರಕಾರ್ಯ ನಿಲ್ಲಬಾರದು ಎಂದೂ ಅಲ್ಲಿದೆ. ಸಾಧ್ಯ ಎಂಬ ಮಾತನ್ನು ಖಚಿತ ಎಂದು ಓದುವುದು ಇಂದಿನ ಚಾಳಿಯಾಗಿದೆ. 14ನೆಯ ಪರಿಚ್ಛೇದವಂತೂ, ಕಥೋಲಿಕ ಸಭೆ ಅವಶ್ಯವೆಂದು ತಿಳಿದೂ ಅದನ್ನು ಸೇರದವನು ಅಥವಾ ಅದರಲ್ಲಿ ಉಳಿಯದವನು ರಕ್ಷಣೆ ಹೊಂದಲಾರ ಎಂದು ಖಂಡತುಂಡವಾಗಿ ಹೇಳುತ್ತದೆ.

ಸಭಾಚರಿತ್ರೆಯ ಓದುಗ:

ಈ ದೂರು ನ್ಯಾಯವಾದದ್ದು. ಜೊತೆಗೆ 14ನೆಯ ಪರಿಚ್ಛೇದದ ಮುಂದಿನ ಸಾಲುಗಳನ್ನೂ ಓದೋಣ: ಪ್ರೀತಿಯಲ್ಲಿ ನೆಲೆಯಾಗಿರದೆ, ಹೃದಯದಿಂದಲ್ಲದೆ ದೇಹದಿಂದ ಮಾತ್ರ ಸಭೆಯಲ್ಲಿರುವ ಕಥೋಲಿಕನೂ ರಕ್ಷಣೆ ಹೊಂದಲಾರ, ಅವನ ತೀರ್ಪು ಇನ್ನೂ ಕಠಿಣವಾಗಿರುತ್ತದೆ.

ಸುಧಾರಣೆಯ ಮನೆಯವನು:

ನಾನು ಲೂಥರನ್ ಪಂಗಡದ ಪ್ರೊಟೆಸ್ಟಂಟ್. ನಮ್ಮನ್ನು ನರಕಕ್ಕೆ ಕಳುಹಿಸುತ್ತಾರೋ ಇಲ್ಲವೋ ಎಂಬುದು ನಮಗೆ ಅಷ್ಟು ದೊಡ್ಡ ಚಿಂತೆಯಲ್ಲ, ಆ ಅಧಿಕಾರ ಅವರ ಕೈಯಲ್ಲಿದೆ ಎಂದು ನಾವು ನಂಬಿಯೂ ಇಲ್ಲ. ನೋಯಿಸಿದ್ದು ಬೇರೆ. 2000ದ ಆಗಸ್ಟ್ 6ರಂದು ವ್ಯಾಟಿಕನ್ನಿನ ವಿಶ್ವಾಸಬೋಧೆಯ ಕಾರ್ಯಾಲಯ ಹೊರಡಿಸಿದ ಘೋಷಣೆಯಲ್ಲಿ ನಮ್ಮವು ಸರಿಯಾದ ಅರ್ಥದಲ್ಲಿ ಸಭೆಗಳೇ ಅಲ್ಲ, ಸಭಾಸ್ವರೂಪದ ಸಮುದಾಯಗಳು ಮಾತ್ರ ಎಂದು ಬರೆದರು. ಅದಕ್ಕೆ ಒಂದು ವರ್ಷವೂ ತುಂಬದ ಹಿಂದೆ, 1999ರ ಅಕ್ಟೋಬರ್ 31ರಂದು, ಲೂಥರನ್ ವಿಶ್ವ ಒಕ್ಕೂಟದವರೂ ಕಥೋಲಿಕರೂ ಆಗ್ಸ್‌ಬರ್ಗಿನಲ್ಲಿ ಒಟ್ಟಿಗೆ ಕುಳಿತು, ಮನುಷ್ಯ ದೇವರ ಮುಂದೆ ನೀತಿವಂತನೆನಿಸುವುದು ಕೃಪೆಯಿಂದಲೇ, ಕ್ರಿಸ್ತನಲ್ಲಿಟ್ಟ ವಿಶ್ವಾಸದಿಂದಲೇ ಎಂಬ ಜಂಟಿ ಘೋಷಣೆಗೆ ಸಹಿ ಹಾಕಿದ್ದರು. ಹದಿನಾರನೆಯ ಶತಮಾನದಲ್ಲಿ ಯಾವುದಕ್ಕಾಗಿ ಒಡೆದೆವೋ ಅದರ ತಿರುಳಿನಲ್ಲಿ ಒಮ್ಮತವಾದ ಮೇಲೂ ನಾವು ಸಭೆಯಲ್ಲ ಎಂದರೆ, ಉಳಿದ ಕೊರತೆ ಯಾವುದು?

ಸಭಾಚರಿತ್ರೆಯ ಓದುಗ:

ಉಳಿದ ಕೊರತೆ ಗುರುದೀಕ್ಷೆ. ಕ್ರಿಸ್ತನ ಮೊದಲ ಶಿಷ್ಯರಾದ ಪ್ರೇಷಿತರಿಂದ ಧರ್ಮಾಧ್ಯಕ್ಷರಿಗೆ, ಅವರಿಂದ ಮುಂದಿನವರಿಗೆ ಕೈಯಿಟ್ಟು ಇಳಿದುಬಂದ ಪರಂಪರೆ ಕಡಿದುಹೋದಲ್ಲಿ ಯಾಜಕತ್ವವಿಲ್ಲ, ಯಾಜಕತ್ವವಿಲ್ಲದಲ್ಲಿ ಪರಮಪ್ರಸಾದದ ರಹಸ್ಯ ಪೂರ್ಣವಾಗಿ ಉಳಿದಿಲ್ಲ, ಪರಮಪ್ರಸಾದವಿಲ್ಲದ ಸಮುದಾಯವನ್ನು ಸಭೆ ಎನ್ನಲಾಗದು ಎಂಬುದು ಕಥೋಲಿಕ ತರ್ಕ. ಈ ಕಾರಣಕ್ಕೇ ಪೂರ್ವದ ಆರ್ಥೊಡಾಕ್ಸ್ ಸಭೆಗಳ ಸ್ಥಾನ ಬೇರೆ. ಪೋಪರ ಅಧಿಕಾರವನ್ನು ಅವರು ಒಪ್ಪದಿದ್ದರೂ ಅವರ ದೀಕ್ಷೆ, ಅವರ ಪರಮಪ್ರಸಾದ ಎಲ್ಲವೂ ಸಿಂಧು. ಅವು ನಿಜವಾದ ಸಭೆಗಳು. 1054ರಲ್ಲಿ ಎರಡೂ ಕಡೆಯವರು ಪರಸ್ಪರ ಹಾಕಿದ ಬಹಿಷ್ಕಾರಗಳನ್ನು ಪೋಪ್ ಆರನೆಯ ಪೌಲರೂ ಕಾನ್‌ಸ್ಟಾಂಟಿನೋಪಲಿನ ಆರ್ಥೊಡಾಕ್ಸ್ ಮುಖ್ಯಸ್ಥ ಅಥೆನಗೋರಸರೂ 1965ರ ಡಿಸೆಂಬರ್ 7ರಂದು ಸ್ಮೃತಿಯಿಂದಲೇ ತೆಗೆದುಹಾಕಿದರು. ಆರ್ಥೊಡಾಕ್ಸ್ ಯಾಜಕರೊಬ್ಬರು ಕಥೋಲಿಕರಾದರೆ ಅವರಿಗೆ ಮತ್ತೆ ದೀಕ್ಷೆ ಕೊಡುವುದಿಲ್ಲ. ಇಂಗ್ಲೆಂಡಿನ ಸಭೆಯ ಪರಂಪರೆಯ ಆಂಗ್ಲಿಕನ್ ಪಾದ್ರಿಗಳು ಬಂದರೆ ಕೊಡಬೇಕು, ಏಕೆಂದರೆ ಹದಿಮೂರನೆಯ ಲಿಯೊ 1896ರಲ್ಲಿ ಅವರ ದೀಕ್ಷೆ ಸಂಪೂರ್ಣ ಶೂನ್ಯ ಎಂದು ತೀರ್ಮಾನಿಸಿದ್ದು ಇಂದಿಗೂ ನಿಂತಿದೆ.

ನೀವು ಈ ತರ್ಕದ ಮೊದಲ ಮೆಟ್ಟಿಲನ್ನೇ ಒಪ್ಪುವುದಿಲ್ಲ ಎಂದು ಬಲ್ಲೆ. ಶುಭಸಂದೇಶದ ಶುದ್ಧ ಬೋಧನೆ ಮತ್ತು ಸಂಸ್ಕಾರಗಳ (ದೈವಕೃಪೆಯನ್ನು ತರುವ ಪವಿತ್ರ ವಿಧಿಗಳ) ಸರಿಯಾದ ಆಚರಣೆ ಎಲ್ಲಿದೆಯೋ ಅಲ್ಲಿ ಸಭೆಯಿದೆ ಎಂಬುದು ನಿಮ್ಮ ಅಳತೆಗೋಲು. ಅಳತೆಗೋಲೇ ಬೇರೆಯಾದಾಗ ಇನ್ನೊಬ್ಬರ ಅಳತೆಯಲ್ಲಿ ನಾವು ಕಡಿಮೆ ಬರುವುದು ಅನಿವಾರ್ಯ. ಆದರೂ ಆ ಘೋಷಣೆಯ ಧಾಟಿ ಒರಟಾಗಿತ್ತು ಎಂಬ ನಿಮ್ಮ ಮಾತನ್ನು ನಾನು ಅಲ್ಲಗಳೆಯಲಾರೆ. ಐದು ವರ್ಷ ಮುಂಚೆ ಎರಡನೆಯ ಜಾನ್ ಪೌಲರು ಬರೆದ ಐಕ್ಯದ ವಿಶ್ವಪತ್ರದಲ್ಲಿ ಹುರುಳು ಇದೇ ಇದ್ದರೂ ಆ ಒರಟುತನವಿರಲಿಲ್ಲ.

ಧರ್ಮೋಪದೇಶಕಿ:

ಜಿಜ್ಞಾಸು ಅವರ ಪ್ರಶ್ನೆ ಎಲ್ಲೋ ಕಳೆದುಹೋಗುತ್ತಿದೆ. ಮದುವೆಯ ಸಿದ್ಧತೆಯ ತರಗತಿಗಳಲ್ಲಿ ಇದನ್ನೇ ವಿವರಿಸುವವಳಾದ್ದರಿಂದ ಬರೆಯುತ್ತಿದ್ದೇನೆ.

ಪರಮಪ್ರಸಾದ ಸ್ವೀಕರಿಸುವುದು ಕ್ರಿಸ್ತನೊಡನೆ ಒಂದಾಗುವುದಷ್ಟೇ ಅಲ್ಲ, ಅದನ್ನು ಕೊಡುವ ಸಭೆಯ ವಿಶ್ವಾಸವೆಲ್ಲವೂ ನನ್ನದು ಎಂದು ಎಲ್ಲರೆದುರು ಹೇಳುವುದೂ ಹೌದು ಎಂದು ಕಥೋಲಿಕರು ಭಾವಿಸುತ್ತಾರೆ. ನೀವು ಇನ್ನೂ ಹೇಳದ ಮಾತನ್ನು ನಿಮ್ಮ ಬಾಯಿಂದ ಹೇಳಿಸಬಾರದು ಎಂಬುದು ಆ ತಡೆಯ ಒಳ ಅರ್ಥ. ತಡೆ ಸಂಪೂರ್ಣವೂ ಅಲ್ಲ. 1983ರ ಧರ್ಮಸಭಾ ಕಾನೂನು ಸಂಹಿತೆಯ 844ನೆಯ ವಿಧಿಯಂತೆ, ಮರಣದ ಅಪಾಯದಲ್ಲಿ ಅಥವಾ ಧರ್ಮಾಧ್ಯಕ್ಷರು ಗಂಭೀರವೆಂದು ಒಪ್ಪಿದ ಅಗತ್ಯದಲ್ಲಿ, ತಮ್ಮ ಸಭೆಯ ಪಾದ್ರಿ ದೊರೆಯದಿದ್ದಾಗ, ತಾವಾಗಿಯೇ ಕೇಳಿಕೊಂಡ, ಆ ಸಂಸ್ಕಾರದ ಬಗ್ಗೆ ಕಥೋಲಿಕ ವಿಶ್ವಾಸವನ್ನೇ ಹೊಂದಿರುವ ಪ್ರೊಟೆಸ್ಟಂಟರಿಗೆ ಪರಮಪ್ರಸಾದ, ಪಾಪನಿವೇದನೆ, ರೋಗಿಗಳ ಅಭ್ಯಂಗನ ಕೊಡಬಹುದು. ಆರ್ಥೊಡಾಕ್ಸರಿಗೆ ಷರತ್ತು ಇನ್ನೂ ಸಡಿಲ. ಅವರು ತಾವಾಗಿ ಕೇಳಿ, ಯೋಗ್ಯ ಸಿದ್ಧತೆಯಲ್ಲಿದ್ದರೆ ಸಾಕು. ಕಥೋಲಿಕರು ಮಾತ್ರ ಪ್ರೊಟೆಸ್ಟಂಟ್ ಸಭೆಯ ಕರ್ತನ ಭೋಜನದಲ್ಲಿ ಪಾಲ್ಗೊಳ್ಳುವಂತಿಲ್ಲ.

ಮದುವೆಯ ವಿಷಯಕ್ಕೆ ಬಂದರೆ ನಿಮಗೊಂದು ಆಶ್ಚರ್ಯ ಕಾದಿದೆ. ಜ್ಞಾನಸ್ನಾನ ಪಡೆದ ಇಬ್ಬರ ನಡುವಿನ ಸಿಂಧುವಾದ ವಿವಾಹ ಕಥೋಲಿಕ ಬೋಧನೆಯಂತೆ ಸಂಸ್ಕಾರವೇ. ಆದ್ದರಿಂದ ಪ್ರೊಟೆಸ್ಟಂಟ್ ಸಭೆಯಲ್ಲಿ ಮದುವೆಯಾದ ನಿಮ್ಮ ತಂದೆತಾಯಿಯರ ವಿವಾಹವೂ ಕಥೋಲಿಕರ ದೃಷ್ಟಿಯಲ್ಲಿ ಸಂಸ್ಕಾರ, ವಿವಾಹವನ್ನು ಸಂಸ್ಕಾರವೆಂದು ನಿಮ್ಮ ಸಭೆಯೇ ಎಣಿಸದಿದ್ದರೂ! ನಿಮ್ಮಂತಹ ಮಿಶ್ರ ವಿವಾಹಕ್ಕೆ ಧರ್ಮಾಧ್ಯಕ್ಷರ ಅನುಮತಿ ಬೇಕು. ಜ್ಞಾನಸ್ನಾನವೇ ಆಗದವರೊಡನೆ ಮದುವೆಯಾಗುವ ಕಥೋಲಿಕರಿಗೆ ವಿನಾಯಿತಿಯೇ ಬೇಕು, ಅದಿಲ್ಲದೆ ಮದುವೆ ಸಿಂಧುವಾಗುವುದಿಲ್ಲ, ವಿನಾಯಿತಿ ಪಡೆದು ಆದರೂ ಅದು ಸಂಸ್ಕಾರವಾಗುವುದಿಲ್ಲ. ಜ್ಞಾನಸ್ನಾನ ಎಳೆಯುವ ಗೆರೆ ಇಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ಅನುಮತಿ ಪತ್ರದಲ್ಲಿ ವಾಗ್ದಾನ ಮಾಡುವವರು ನೀವಲ್ಲ, ನಿಮ್ಮ ಭಾವಿ ಪತಿ. ತಮ್ಮ ವಿಶ್ವಾಸವನ್ನು ಬಿಡುವುದಿಲ್ಲ, ಮಕ್ಕಳೆಲ್ಲರಿಗೂ ಕಥೋಲಿಕ ಸಭೆಯಲ್ಲಿ ಜ್ಞಾನಸ್ನಾನ ಮಾಡಿಸಿ ಬೆಳೆಸಲು ತಮ್ಮಿಂದ ಆದಷ್ಟೂ ಮಾಡುತ್ತೇನೆ ಎಂದು ಅವರು ಮಾತು ಕೊಡುತ್ತಾರೆ. ಅದನ್ನು ನಿಮಗೆ ತಿಳಿಸಿರಬೇಕು, ಅಷ್ಟೇ. ಹಿಂದೆ ಹೀಗಿರಲಿಲ್ಲ. 1970ರಲ್ಲಿ ಆರನೆಯ ಪೌಲರು ನಿಯಮ ಬದಲಿಸುವ ತನಕ ಕಥೋಲಿಕರಲ್ಲದವರಿಂದಲೂ ಭರವಸೆ ಬರೆಸಿಕೊಳ್ಳುತ್ತಿದ್ದರು. ನಿಮ್ಮ ಹಿರಿಯರ ಮನಸ್ಸಿನಲ್ಲಿರುವ ಕಹಿ ಆ ಕಾಲದ್ದಿರಬಹುದು. ಆದರೂ ಈ ವಾಗ್ದಾನದ ಬಗ್ಗೆ ನೀವಿಬ್ಬರೂ ಮದುವೆಗೆ ಮುಂಚೆಯೇ ಮುಚ್ಚುಮರೆಯಿಲ್ಲದೆ ಮಾತಾಡಿಕೊಳ್ಳಿ. ಮೊದಲ ಮಗು ಹುಟ್ಟಿದ ಮೇಲೆ ಆ ಮಾತು ಎತ್ತಿದ ದಂಪತಿಗಳು ಪಟ್ಟ ಪಾಡನ್ನು ಕಂಡಿದ್ದೇನೆ.

ದಾರಿಹೋಕ:

ನಾನು ಕ್ರೈಸ್ತನಲ್ಲ. ಇಲ್ಲಿಯವರೆಗೆ ಓದಿ ನನಗನ್ನಿಸಿದ್ದನ್ನು ಹೇಳಿಬಿಡುತ್ತೇನೆ. ನನ್ನಂಥವನಿಗೆ ರಕ್ಷಣೆ ಸಾಧ್ಯ, ಆದರೆ ಅದು ನನ್ನ ಧರ್ಮದಿಂದಲ್ಲ, ನಾನು ನಂಬದ ಕ್ರಿಸ್ತನಿಂದ, ನನಗೇ ತಿಳಿಯದ ಅಪೇಕ್ಷೆಯ ಮೂಲಕ! ಜರ್ಮನಿಯ ದೇವಶಾಸ್ತ್ರಜ್ಞ ಕಾರ್ಲ್ ರಾನರ್ ನಮ್ಮಂಥವರನ್ನು ಅನಾಮಧೇಯ ಕ್ರೈಸ್ತರು ಎಂದರಂತೆ. ನೀನು ನರಕಕ್ಕೆ ಹೋಗುತ್ತೀಯೆ ಎಂದು ಮುಖಕ್ಕೆ ಹೇಳುವವನಾದರೂ ನಾನು ಯಾರೆಂದು ಒಪ್ಪಿಕೊಂಡು ಮಾತಾಡುತ್ತಾನೆ. ಇದು ಅದಕ್ಕಿಂತ ಹೆಚ್ಚಿನ ಅವಮಾನವಲ್ಲವೇ?

ಸಭಾಚರಿತ್ರೆಯ ಓದುಗ:

ಈ ಚರ್ಚೆಯಲ್ಲಿ ಬಂದ ಅತ್ಯಂತ ಕಠಿಣವಾದ ಆಕ್ಷೇಪ ಇದು ಎಂದು ನನ್ನ ಅಭಿಪ್ರಾಯ. ರಾನರ್ ಅವರ ಆ ನಾಮಕರಣ ಒಬ್ಬ ಪಂಡಿತರ ಅಭಿಪ್ರಾಯವೇ ಹೊರತು ಸಭೆಯ ಬೋಧನೆಯಲ್ಲ. ಕಥೋಲಿಕರಲ್ಲೇ ಅನೇಕರು ನಿಮ್ಮದೇ ಕಾರಣಕ್ಕೆ ಅದನ್ನು ಟೀಕಿಸಿದ್ದಾರೆ. 1965ರ ಮಹಾಸಭೆಯ ಪಾಲನಾ ಸಂವಿಧಾನ ಇನ್ನೂ ಕಡಿಮೆ ಹೇಳುತ್ತದೆ: ಕ್ರಿಸ್ತನ ಮರಣ ಪುನರುತ್ಥಾನಗಳಲ್ಲಿ ಪಾಲುಗೊಳ್ಳುವ ಅವಕಾಶವನ್ನು ಪವಿತ್ರಾತ್ಮ, ದೇವರೇ ಬಲ್ಲ ರೀತಿಯಲ್ಲಿ, ಎಲ್ಲರಿಗೂ ಕೊಡುತ್ತಾನೆ. ಹೇಗೆ ಎಂಬುದನ್ನು ತಾನು ಬಲ್ಲೆನೆಂದು ಸಭೆ ಹೇಳಿಕೊಳ್ಳುವುದಿಲ್ಲ.

ಆದರೆ ಆಕ್ಷೇಪದ ತಿರುಳು ಇದರಿಂದ ಕರಗುವುದಿಲ್ಲ, ಕರಗಿತೆಂದು ನಟಿಸುವುದೂ ಬೇಡ. ರಕ್ಷಣೆ ಯಾರಿಗೆ ಬಂದರೂ ಕ್ರಿಸ್ತನಿಂದಲೇ ಬರುತ್ತದೆ ಎಂಬುದು ಕಥೋಲಿಕ ವಿಶ್ವಾಸದ ನಡುಗಂಬ. ಭಾರತದಲ್ಲಿ ದಶಕಗಳ ಕಾಲ ಬೋಧಿಸಿದ ಬೆಲ್ಜಿಯಮ್ಮಿನ ಯೇಸುಸಭೆಯ ಗುರು ಜಾಕ್ ಡುಪ್ವಿ, ಇತರ ಧರ್ಮಗಳಿಗೂ ದೇವರ ಯೋಜನೆಯಲ್ಲಿ ತಮ್ಮದೇ ಪಾತ್ರವಿದೆ ಎಂದು 1997ರಲ್ಲಿ ವಿಸ್ತಾರವಾಗಿ ವಾದಿಸಿದರು. ರೋಮ್ ಅವರನ್ನು ಶಿಕ್ಷಿಸಲಿಲ್ಲ; ಆದರೆ 2001ರಲ್ಲಿ ಸೂಚನೆಯೊಂದನ್ನು ಹೊರಡಿಸಿ, ಆ ಧರ್ಮಗಳಲ್ಲಿರುವ ಸತ್ಯ ಮತ್ತು ಒಳಿತಿನ ಅಂಶಗಳನ್ನು ಪವಿತ್ರಾತ್ಮ ಬಳಸಿಕೊಳ್ಳುತ್ತಾನೆ ಎನ್ನಬಹುದು, ಆ ಧರ್ಮಗಳೇ ರಕ್ಷಣೆಯ ಮಾರ್ಗಗಳು ಎನ್ನಲು ಆಧಾರವಿಲ್ಲ ಎಂದಿತು. ನನ್ನ ಮಟ್ಟಿಗೆ ಒಂದು ಮಾತು: ಸತ್ಯ ಇದೇ ಎಂದು ನಂಬುವ ಯಾವ ಮತವೂ ಇತರರನ್ನು ತನ್ನ ಚೌಕಟ್ಟಿನೊಳಗಿನಿಂದಲೇ ಅರ್ಥಮಾಡಿಕೊಳ್ಳುತ್ತದೆ. ಎಲ್ಲ ದಾರಿಗಳೂ ಒಂದೇ ಎನ್ನುವವನೂ, ದಾರಿ ಒಂದೇ ಎನ್ನುವವನ ನಂಬಿಕೆಯನ್ನು ಹಾಗೆಯೇ ತಿದ್ದಿ ಓದುತ್ತಿರುತ್ತಾನೆ.

ಇನ್ನೊಂದು ಕಡೆ, ಇತರ ಧರ್ಮಗಳ ಕುರಿತು ಅದೇ ಮಹಾಸಭೆಯಲ್ಲಿ 1965ರ ಅಕ್ಟೋಬರ್ 28ರಂದು 2221 ಪರ, 88 ವಿರುದ್ಧ ಮತಗಳಿಂದ ಅಂಗೀಕೃತವಾದ ಘೋಷಣೆಯನ್ನು ಓದಿ ನೋಡಿ. ನಾಲ್ಕೈದು ಪುಟಗಳಷ್ಟೇ. ಹಿಂದೂಗಳು ಬತ್ತದ ಪುರಾಣಸಂಪತ್ತಿನ ಮೂಲಕವೂ ಆಳವಾದ ತತ್ತ್ವವಿಚಾರದ ಮೂಲಕವೂ ದೈವರಹಸ್ಯವನ್ನು ಧ್ಯಾನಿಸುತ್ತಾರೆ, ತಪಸ್ಸು, ಧ್ಯಾನ, ಪ್ರೀತಿಯ ಶರಣಾಗತಿಗಳಿಂದ ಬಿಡುಗಡೆಯನ್ನು ಅರಸುತ್ತಾರೆ ಎಂದು ಅದರಲ್ಲಿದೆ. ಬೌದ್ಧಧರ್ಮ ಈ ಚಂಚಲ ಲೋಕದ ಮೂಲಭೂತ ಕೊರತೆಯನ್ನು ಕಂಡಿದೆ ಎಂದಿದೆ. ಈ ಧರ್ಮಗಳಲ್ಲಿ ಸತ್ಯವೂ ಪವಿತ್ರವೂ ಆದ ಯಾವುದನ್ನೂ ಸಭೆ ತಿರಸ್ಕರಿಸುವುದಿಲ್ಲ ಎಂದಿದೆ. ಮುಸ್ಲಿಮರು ಏಕೈಕ ದೇವರನ್ನು ಆರಾಧಿಸುವವರು ಎನ್ನುವಾಗ ಅದು ಏಳನೆಯ ಗ್ರೆಗೊರಿ 1076ರಲ್ಲಿ ಉತ್ತರ ಆಫ್ರಿಕದ ಮುಸ್ಲಿಂ ದೊರೆಯೊಬ್ಬನಿಗೆ ಬರೆದ ಪತ್ರವನ್ನು ಆಧಾರವಾಗಿ ಕೊಡುತ್ತದೆ. ಧರ್ಮಯುದ್ಧಗಳ ಹೊಸ್ತಿಲಲ್ಲಿ ಇದ್ದ ಕಾಲದ ಪತ್ರವದು!

ಯೆಹೂದ್ಯರ ಸ್ಥಾನ ಇವೆಲ್ಲಕ್ಕಿಂತ ಬೇರೆ. ಕ್ರಿಸ್ತನ ಮರಣದ ಹೊಣೆಯನ್ನು ಅಂದಿನ ಎಲ್ಲ ಯೆಹೂದ್ಯರ ಮೇಲಾಗಲಿ ಇಂದಿನವರ ಮೇಲಾಗಲಿ ಹೊರಿಸುವಂತಿಲ್ಲ ಎಂದು ಆ ಘೋಷಣೆ ಹೇಳಿತು. ಶತಮಾನಗಳ ಕಾಲ ಆದ ಅನ್ಯಾಯಕ್ಕೆ ಹೋಲಿಸಿದರೆ ತಡವಾಗಿ ಬಂದ ಮಾತು. ಅವರೊಡನೆ ದೇವರು ಮಾಡಿಕೊಂಡ ಒಡಂಬಡಿಕೆ ರದ್ದಾಗಿಲ್ಲ ಎಂಬುದು ಇಂದಿನ ಬೋಧನೆ. ವ್ಯಾಟಿಕನ್ನಿನಲ್ಲಿ ಯೆಹೂದ್ಯರೊಡನೆ ಸಂಬಂಧ ನೋಡಿಕೊಳ್ಳುವ ಆಯೋಗ ಅಂತರಧರ್ಮೀಯ ಸಂವಾದದ ಕಾರ್ಯಾಲಯದಲ್ಲಿಲ್ಲ, ಕ್ರೈಸ್ತ ಐಕ್ಯದ ಕಾರ್ಯಾಲಯಕ್ಕೆ ಸೇರಿದೆ. ಅದೇ ಆಯೋಗ 2015ರಲ್ಲಿ, ಯೆಹೂದ್ಯರನ್ನೇ ಗುರಿಯಾಗಿಸಿದ ಸಾಂಸ್ಥಿಕ ಪ್ರಚಾರಕಾರ್ಯವನ್ನು ಕಥೋಲಿಕ ಸಭೆ ನಡೆಸುವುದೂ ಇಲ್ಲ, ಬೆಂಬಲಿಸುವುದೂ ಇಲ್ಲ ಎಂದು ಬರೆಯಿತು.

ಹಳೆಯ ಪೂಜಾವಿಧಿ:

ಹಾಗಾದರೆ 2024ರ ಸೆಪ್ಟೆಂಬರಿನಲ್ಲಿ ಪೋಪ್ ಫ್ರಾನ್ಸಿಸ್ ಸಿಂಗಪುರದ ಯುವಜನರಿಗೆ, ಎಲ್ಲ ಧರ್ಮಗಳೂ ದೇವರೆಡೆಗೆ ಹೋಗುವ ದಾರಿಗಳು, ಬೇರೆಬೇರೆ ಭಾಷೆಗಳಿದ್ದಂತೆ ಎಂದದ್ದನ್ನು ಎಲ್ಲಿ ಇಡುತ್ತೀರಿ? 2001ರ ಸೂಚನೆಯ ಪಕ್ಕದಲ್ಲಿ ಅದು ಹೇಗೆ ನಿಲ್ಲುತ್ತದೆ?

ಸಭಾಚರಿತ್ರೆಯ ಓದುಗ:

ಹಾಗೆ ಹಾಗೆಯೇ ಪಕ್ಕದಲ್ಲಿಟ್ಟರೆ ನಿಲ್ಲುವುದಿಲ್ಲ, ಒಪ್ಪುತ್ತೇನೆ. ಮನುಷ್ಯರು ದೇವರನ್ನು ಅರಸುವ ಪ್ರಯತ್ನವನ್ನು ಕುರಿತು ಆಡಿದ ಮಾತು ಎಂದು ಓದಿದರೆ ಅದು 1965ರ ಘೋಷಣೆಗೆ ಹೊಂದುತ್ತದೆ. ದೇವರು ಎಲ್ಲ ಧರ್ಮಗಳನ್ನೂ ಸರಿಸಮಾನವಾಗಿ ಸ್ಥಾಪಿಸಿದ್ದಾನೆ ಎಂದು ಓದಿದರೆ ಯಾವುದಕ್ಕೂ ಹೊಂದುವುದಿಲ್ಲ. ಯುವಜನರೊಡನೆ ನಡೆಸಿದ ಸಂವಾದದಲ್ಲಿ ಬಾಯಿಗೆ ಬಂದಂತೆ ಆಡಿದ ಮಾತಿಗೂ ಮಹಾಸಭೆಯ ಸಂವಿಧಾನಕ್ಕೂ ಒಂದೇ ತೂಕವಿಲ್ಲ ಎಂಬುದು ಕಥೋಲಿಕರ ನಿಯಮವೇ.

ಅದಕ್ಕಿಂತ ಅದೇ ಪೋಪರ ಇನ್ನೊಂದು ಕೆಲಸ ನನಗೆ ಹೆಚ್ಚು ತೂಕದ್ದಾಗಿ ಕಾಣುತ್ತದೆ. 2015ರಲ್ಲಿ ಲಿಬಿಯಾದ ಕಡಲತೀರದಲ್ಲಿ ಕೊಲೆಯಾದ 21 ಮಂದಿಯಲ್ಲಿ ಇಪ್ಪತ್ತು ಜನ ಈಜಿಪ್ಟಿನ ಕಾಪ್ಟಿಕ್ ಆರ್ಥೊಡಾಕ್ಸರು, ಒಬ್ಬ ಘಾನಾದವನು. ಅವರ ಹೆಸರುಗಳನ್ನು 2023ರಲ್ಲಿ ಫ್ರಾನ್ಸಿಸ್ ರೋಮಿನ ಸಭೆಯ ರಕ್ತಸಾಕ್ಷಿಗಳ ಪಟ್ಟಿಗೆ ಸೇರಿಸಿದರು. ಫ್ಲಾರೆನ್ಸಿನ 1442ರ ಆ ಶಾಸನ ಹೊರಟದ್ದು ಕಾಪ್ಟಿಕರೊಡನೆ ಐಕ್ಯ ಸಾಧಿಸುವುದಕ್ಕಾಗಿ. ಸಭೆಯ ಐಕ್ಯದಲ್ಲಿ ಉಳಿಯದವನು ಕ್ರಿಸ್ತನಿಗಾಗಿ ರಕ್ತ ಚೆಲ್ಲಿದರೂ ರಕ್ಷಣೆ ಹೊಂದಲಾರ ಎಂದು ಅದರಲ್ಲೇ ಇದೆ. ಇವೆರಡನ್ನು ಹೊಂದಿಸುವುದು ಹೇಗೆ ಎಂದು ನೀವು ಕೇಳಿದರೆ, ಬೇಕೆಂದೇ ಬೇರ್ಪಟ್ಟವನಿಗೂ ಬೇರ್ಪಟ್ಟ ಮನೆಯಲ್ಲಿ ಹುಟ್ಟಿದವನಿಗೂ ಇರುವ ವ್ಯತ್ಯಾಸವನ್ನು ನಂತರದ ಸಭೆ ಗಂಭೀರವಾಗಿ ತೆಗೆದುಕೊಂಡಿತು ಎಂಬುದೇ ನನ್ನ ಉತ್ತರ. ನಿಮಗೆ ಅದು ಸಾಲದೆ ಹೋಗಬಹುದು.

ಹಳೆಯ ಪೂಜಾವಿಧಿ:

ಪೂರ್ತಿ ಸಾಲದು. ಆದರೆ ಆ ಇಪ್ಪತ್ತೊಂದು ಮಂದಿಯ ವಿಷಯದಲ್ಲಿ ನನಗೆ ತಕರಾರಿಲ್ಲ.

ಜಿಜ್ಞಾಸು:

ಎಲ್ಲರಿಗೂ ಕೃತಜ್ಞತೆಗಳು. ಧರ್ಮೋಪದೇಶಕಿ ಅವರಲ್ಲಿ ಒಂದೇ ಒಂದು ಪ್ರಶ್ನೆ ಉಳಿದಿದೆ. ಮುಂದೆ ನಮ್ಮ ಮಗುವಿಗೆ ಕಥೋಲಿಕ ಸಭೆಯಲ್ಲಿ ಸ್ನಾನವಾದರೆ, ಪ್ರೊಟೆಸ್ಟಂಟರಾದ ನನ್ನ ಅಣ್ಣ ಜ್ಞಾನತಂದೆಯಾಗಿ ನಿಲ್ಲಬಹುದೇ?

ಧರ್ಮೋಪದೇಶಕಿ:

ಜ್ಞಾನತಂದೆಯಾಗಿ ಆಗದು, ಏಕೆಂದರೆ ಮಗುವನ್ನು ಕಥೋಲಿಕ ವಿಶ್ವಾಸದಲ್ಲಿ ಬೆಳೆಸಲು ನೆರವಾಗುವುದು ಆ ಹೊಣೆ. ಆದರೆ ಅವರಿಗೆ ಜ್ಞಾನಸ್ನಾನ ಆಗಿದೆಯಾದ್ದರಿಂದ, ಒಬ್ಬ ಕಥೋಲಿಕ ಜ್ಞಾನಪೋಷಕರ ಜೊತೆಯಲ್ಲಿ ಕ್ರೈಸ್ತ ಸಾಕ್ಷಿಯಾಗಿ ನಿಲ್ಲಬಹುದು; 874ನೆಯ ವಿಧಿಯಲ್ಲಿ ಇದಕ್ಕೆ ಸ್ಪಷ್ಟ ಅವಕಾಶವಿದೆ. ಅವರ ಪ್ರಮಾಣಪತ್ರದ ಪ್ರತಿಯೊಂದನ್ನು ಮೊದಲೇ ತರಿಸಿಟ್ಟುಕೊಂಡು ಗುರುಗಳಿಗೆ ತೋರಿಸಿ.